ಏಳು ಜನರೂ ಜಿಗಿಯಬಹುದಾಗಿತ್ತು, ಆದರೂ ಲೆಸ್ಲಿ ಮ್ಯಾನ್ಸರ್ ಏಕೆ ವಿಮಾನ ಬಿಡಲಿಲ್ಲ?

ಪಟ್ಟಿಗಾರ:

ಭಾರತದಲ್ಲಿ ಹುಟ್ಟಿ ವಿಕ್ಟೋರಿಯಾ ಕ್ರಾಸ್ (ಬ್ರಿಟನ್ನಿನ ಅತ್ಯುನ್ನತ ಯುದ್ಧಶೌರ್ಯ ಪದಕ) ಪಡೆದವರ ವಿವರಗಳನ್ನು ಒಂದೆಡೆ ಸೇರಿಸುತ್ತಿದ್ದೇನೆ. ಹೆಚ್ಚಿನವರು ಕಾಲಾಳುಗಳು, ಫಿರಂಗಿ ದಳದವರು. ಅವರ ನಡುವೆ ಒಬ್ಬ ಬಾಂಬರ್ ಪೈಲಟ್ ಸಿಕ್ಕಿದರು: ಬ್ರಿಟಿಷ್ ವಾಯುಪಡೆಯ ಫ್ಲೈಯಿಂಗ್ ಆಫೀಸರ್ ಲೆಸ್ಲಿ ಥಾಮಸ್ ಮ್ಯಾನ್ಸರ್. 1922ರ ಮೇ 11ರಂದು ನವದೆಹಲಿಯಲ್ಲಿ ಜನನ. ತಂದೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಎಂಜಿನಿಯರ್. ಡಾರ್ಜಿಲಿಂಗ್ ಕಡೆಯ ಕುರ್ಸಿಯಾಂಗ್‌ನಲ್ಲಿ ಓದು, ಆಮೇಲೆ ಇಂಗ್ಲೆಂಡಿನ ಆಲ್ಡನ್‌ಹ್ಯಾಮ್ ಶಾಲೆ. 1940ರಲ್ಲಿ ವಾಯುಪಡೆ ಸೇರಿದರು.

1942ರ ಮೇ 30ರ ರಾತ್ರಿ ಜರ್ಮನಿಯ ಕಲೋನ್ ನಗರದ ಮೇಲೆ ನಡೆದ ಸಾವಿರ ಬಾಂಬರ್‌ಗಳ ದಾಳಿಯಲ್ಲಿ ಇವರ ವಿಮಾನಕ್ಕೆ ಗುಂಡು ಬಿತ್ತು. ಸಿಬ್ಬಂದಿಯನ್ನು ಜಿಗಿಸಿ, ತಾವು ಚುಕ್ಕಾಣಿ ಬಿಡದೆ ಕುಳಿತು, ಬೆಲ್ಜಿಯಂನಲ್ಲಿ ವಿಮಾನದ ಜೊತೆಗೇ ಸತ್ತರು. ಇಪ್ಪತ್ತು ತುಂಬಿ ಮೂರು ವಾರವೂ ಆಗಿರಲಿಲ್ಲ.

ಪ್ರಶಸ್ತಿಯ ಅಧಿಕೃತ ಒಕ್ಕಣೆ ಓದಿದಾಗ ಒಂದು ವಿಷಯ ನನ್ನನ್ನು ಕೊರೆಯಿತು. ಕಲೋನ್ ದಾಟಿದ ಕೂಡಲೇ ಪೈಲಟ್ ಸಮೇತ ಎಲ್ಲರೂ ಪ್ಯಾರಾಶೂಟ್‌ನಲ್ಲಿ ಸುರಕ್ಷಿತವಾಗಿ ಇಳಿಯಬಹುದಾಗಿತ್ತು ಎಂದು ಆ ಒಕ್ಕಣೆಯೇ ಹೇಳುತ್ತದೆ. ಮ್ಯಾನ್ಸರ್ ಹಾಗೆ ಮಾಡಲಿಲ್ಲ. ಎಂಜಿನ್ ಸುಟ್ಟುಹೋದ ಮೇಲೆ ಇನ್ನೊಮ್ಮೆ ಅವಕಾಶ ಬಂತು, ಆಗಲೂ ಮಾಡಲಿಲ್ಲ. ಕೊನೆಗೆ, ಬೀಳುವುದು ಖಚಿತವಾದಾಗ ಆಜ್ಞೆ ಕೊಟ್ಟರು. ಅಷ್ಟು ಹೊತ್ತಿಗೆ ಅವರಿಗೇ ಸಮಯವಿರಲಿಲ್ಲ.

ಕಟುವಾಗಿ ಕೇಳುತ್ತೇನೆ, ಬೇಸರ ಬೇಡ. ಇದು ಧೈರ್ಯವೋ, ಹಠವೋ? ಮೊದಲೇ ಜಿಗಿದಿದ್ದರೆ ಏಳಕ್ಕೆ ಏಳೂ ಜನ ಬದುಕುತ್ತಿದ್ದರಲ್ಲವೇ? ವಿಮಾನಗಳ ಒಳಗು ಗೊತ್ತಿರುವವರು ಯಾರಾದರೂ ಹೇಳಿ.

ಚರ್ಚಾಪ್ರಿಯ:

ಇಪ್ಪತ್ತರ ಹುಡುಗನಿಗೆ ನಾಯಕತ್ವ ಕೊಟ್ಟರೆ ಇನ್ನೇನಾಗುತ್ತದೆ? ಹಠವೇ. ಸೇನೆಗಳು ಹಠಕ್ಕೂ ಪದಕ ಕೊಡುತ್ತವೆ, ಯಾಕೆಂದರೆ ಮುಂದಿನ ತಂಡವನ್ನು ಮರುದಿನ ಕಳುಹಿಸಬೇಕಲ್ಲ. ಅಲ್ಲದೆ 1942 ಎಂದರೆ ಇಲ್ಲಿ ಕ್ವಿಟ್ ಇಂಡಿಯಾ ವರ್ಷ. ಬ್ರಿಟಿಷ್ ಬಾಂಬರ್ ಪೈಲಟ್ ದೆಹಲಿಯಲ್ಲಿ ಹುಟ್ಟಿದ ಎಂಬ ಕಾರಣಕ್ಕೆ ನಾವು ಕಣ್ಣೀರು ಹಾಕಬೇಕೇ?

ಹ್ಯಾಂಗರ್ ಹಿರಿಯ:

ಕಣ್ಣೀರು ಯಾರೂ ಕೇಳಿಲ್ಲ. ಪ್ರಶ್ನೆ ಕೇಳಿದ್ದಾರೆ, ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾರೆ.

ನಾನು ನಮ್ಮ ವಾಯುಪಡೆಯಲ್ಲಿ ಕ್ಯಾನ್‌ಬೆರಾ ಬಾಂಬರ್‌ಗಳ ಎಂಜಿನ್ ನೋಡಿಕೊಂಡು ನಿವೃತ್ತನಾದವನು. ಹಾರಿಸಿದವನಲ್ಲ, ಹಾರಿಸುವವರ ಕೈಗೆ ವಿಮಾನ ಒಪ್ಪಿಸಿ ಸಹಿ ಹಾಕಿದವನು. ಆದ್ದರಿಂದ ಇಂಥ ಕಥೆ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಎಂಜಿನ್ ಕಡೆಗೆ. ನೀವು ಹೇಳಿದ ಒಕ್ಕಣೆಯಲ್ಲಿ ‘ಎಡಗಡೆಯ ಎಂಜಿನ್ ತೀವ್ರವಾಗಿ ಬಿಸಿಯಾಯಿತು, ಬೆಂಕಿ ಹತ್ತಿತು’ ಎಂದಿದೆ. ಅದು ಯಾವ ಮಾದರಿಯ ಎಂಜಿನ್ ಎಂದು ಇಲ್ಲ. ಅದು ಇದ್ದಿದ್ದರೆ ಅರ್ಧ ಕಥೆ ಅಲ್ಲೇ ತಿಳಿಯುತ್ತಿತ್ತು.

ಅವರು ಹಾರಿಸುತ್ತಿದ್ದುದು ಆವ್ರೋ ಮ್ಯಾಂಚೆಸ್ಟರ್. ಎರಡೇ ಎಂಜಿನ್‌ಗಳ ಭಾರೀ ಬಾಂಬರ್. ಎಂಜಿನ್ ರೋಲ್ಸ್ ರಾಯ್ಸ್ ವಲ್ಚರ್. ಹನ್ನೆರಡು ಸಿಲಿಂಡರ್‌ಗಳ ಎರಡು ಎಂಜಿನ್‌ಗಳನ್ನು ಒಂದರ ಮೇಲೊಂದು ತಲೆಕೆಳಗಾಗಿ ಕೂಡಿಸಿ, ಎರಡಕ್ಕೂ ಒಂದೇ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನ ನಡುವೆ ತಿರುಗುವ ದಂಡ) ಕೊಟ್ಟರೆ ಹೇಗಿರುತ್ತದೋ ಹಾಗೆ. ಇಪ್ಪತ್ತನಾಲ್ಕು ಸಿಲಿಂಡರ್, ಅಡ್ಡಲಾಗಿ ನೋಡಿದರೆ ಎಕ್ಸ್ ಆಕಾರ. ಕ್ರ್ಯಾಂಕ್‌ನ ಒಂದೊಂದು ಪಿನ್ನಿಗೂ ನಾಲ್ಕು ನಾಲ್ಕು ಕನೆಕ್ಟಿಂಗ್ ರಾಡ್‌ಗಳು, ಅಂದರೆ ಪಿಸ್ಟನ್ನಿನ ತಳ್ಳು ದಂಡಕ್ಕೆ ಮುಟ್ಟಿಸುವ ಸರಳುಗಳು, ಬಂದು ಸೇರುತ್ತಿದ್ದವು. ಮೆಕ್ಯಾನಿಕ್ ಕೆಲಸ ಮಾಡಿದ ಯಾರಿಗಾದರೂ ಈ ವಾಕ್ಯ ಓದಿದಾಗಲೇ ಹಲ್ಲು ಕಚ್ಚುವಂತಾಗುತ್ತದೆ. ಆ ರಾಡ್‌ಗಳ ಬುಡದ ಬೇರಿಂಗು, ಬೋಲ್ಟುಗಳು ತಡೆಯಲಿಲ್ಲ, ಎಣ್ಣೆ ಸರಿಯಾಗಿ ಮುಟ್ಟಲಿಲ್ಲ, ತಂಪು ಸಾಲಲಿಲ್ಲ. ಕೊಡಬೇಕಾದ ಶಕ್ತಿಯನ್ನು ಕೊಡಲು ಬಿಟ್ಟರೆ ಒಡೆಯುತ್ತದೆ ಎಂದು ಅದರ ಶಕ್ತಿಯನ್ನೇ ತಗ್ಗಿಸಿದರು. ಆಗ ವಿಮಾನಕ್ಕೆ ಏರಲು ತ್ರಾಣವಿಲ್ಲ. ತಯಾರಕರಿಗೆ ಮರ್ಲಿನ್ ಎಂಜಿನ್ ಮಾಡುವುದರಲ್ಲೇ ಉಸಿರಾಡಲು ಪುರುಸೊತ್ತಿರಲಿಲ್ಲ, ವಲ್ಚರ್ ರಿಪೇರಿಯನ್ನು ಕೈಬಿಟ್ಟರು.

ಅದೇ ವಿಮಾನದ ಒಡಲಿಗೆ ರೆಕ್ಕೆ ಉದ್ದ ಮಾಡಿ ನಾಲ್ಕು ಮರ್ಲಿನ್ ಕೂರಿಸಿದಾಗ ಹುಟ್ಟಿದ್ದು ಲ್ಯಾಂಕಾಸ್ಟರ್. ಆ ಯುದ್ಧದ ಅತ್ಯುತ್ತಮ ಬಾಂಬರ್ ಎಂದು ಹಲವರು ಹೇಳುವ ವಿಮಾನ. ಅದು ಮೊದಲು ಹಾರಿದ್ದು 1941ರ ಜನವರಿಯಲ್ಲಿ. ಕಲೋನ್ ದಾಳಿಯ ರಾತ್ರಿ 73 ಲ್ಯಾಂಕಾಸ್ಟರ್‌ಗಳು ಹೋಗಿದ್ದವು, 46 ಮ್ಯಾಂಚೆಸ್ಟರ್‌ಗಳು ಹೋಗಿದ್ದವು. ಮುಂದಿನ ತಿಂಗಳು, ಅಂದರೆ 1942ರ ಜೂನ್ ಮುಗಿಯುವುದರೊಳಗೆ, ಮ್ಯಾಂಚೆಸ್ಟರ್‌ಗಳನ್ನು ದಾಳಿಗೆ ಕಳುಹಿಸುವುದನ್ನೇ ನಿಲ್ಲಿಸಿದರು. ಮ್ಯಾನ್ಸರ್ ಅವರ ಪಾಲಿಗೆ ಬಂದದ್ದು ನಾಲ್ಕು ವಾರ ತಡವಾಗಿ ನಿವೃತ್ತಿಯಾದ ವಿಮಾನ.

ಆ ರಾತ್ರಿ ಅದನ್ನೂ ಯಾಕೆ ಎಳೆದು ತಂದರು? ಬಾಂಬರ್ ಕಮಾಂಡಿನ ಮುಖ್ಯಸ್ಥ ಆರ್ಥರ್ ಹ್ಯಾರಿಸ್‌ಗೆ ‘ಸಾವಿರ’ ಎಂಬ ಅಂಕಿ ಬೇಕಿತ್ತು. ಬಾಂಬರ್ ದಳವನ್ನೇ ಒಡೆದು ನೌಕಾಪಡೆಗೂ ಸೇನೆಗೂ ಹಂಚಬೇಕೆಂಬ ಮಾತು ನಡೆಯುತ್ತಿದ್ದ ಕಾಲ. ದೊಡ್ಡದೊಂದು ಪ್ರದರ್ಶನ ಮಾಡಿ ಬಾಯಿ ಮುಚ್ಚಿಸಬೇಕಿತ್ತು. ತರಬೇತಿ ಶಾಲೆಗಳಿಂದ ಬೋಧಕರನ್ನೂ ಕಲಿಯುತ್ತಿದ್ದ ಹುಡುಗರನ್ನೂ ಹಳೆಯ ವಿಮಾನಗಳನ್ನೂ ಒಟ್ಟುಗೂಡಿಸಿ 1,047 ವಿಮಾನಗಳನ್ನು ಹಾರಿಸಿದರು. ಮೊದಲು ಗೊತ್ತು ಮಾಡಿದ್ದ ಗುರಿ ಹ್ಯಾಂಬರ್ಗ್. ಹವಾಮಾನ ಕೈಕೊಟ್ಟಿದ್ದರಿಂದ ಕಲೋನ್ ಆಯಿತು. ಮ್ಯಾನ್ಸರ್ 50ನೇ ಸ್ಕ್ವಾಡ್ರನ್ನಿನವರು, ಲಿಂಕನ್ ಪಟ್ಟಣದ ಪಕ್ಕದ ಸ್ಕೆಲ್ಲಿಂಗ್‌ಥಾರ್ಪ್ ನೆಲೆಯಿಂದ ಎದ್ದರು.

ಈಗ ಒಕ್ಕಣೆಯಲ್ಲಿರುವುದನ್ನು ಎಂಜಿನ್ ಕಣ್ಣಿನಿಂದ ಓದೋಣ. ಗುರಿಯ ಮೇಲೆ 7,000 ಅಡಿಯಲ್ಲಿ ಬಾಂಬು ಹಾಕಿದರು. ಭಾರೀ ಬಾಂಬರ್‌ಗೆ ಅದು ಎತ್ತರವೇ ಅಲ್ಲ. ಸರ್ಚ್‌ಲೈಟ್ ಹಿಡಿಯಿತು, ಗುಂಡು ಬಿತ್ತು. ತಪ್ಪಿಸಿಕೊಳ್ಳಲು ತಿರುಗಿಸುತ್ತಾ ಇಳಿಸುತ್ತಾ 1,000 ಅಡಿಗಿಂತ ಕೆಳಗೆ ಬಂದರು. ಹಿಂಬದಿಯ ಗನ್ನರ್‌ಗೆ ಗಾಯ, ಮುಂದಿನ ಕೋಣೆ ತುಂಬಾ ಹೊಗೆ. ಅಲ್ಲಿಂದ ಮತ್ತೆ 2,000 ಅಡಿಗೆ ಏರಿಸಿದರು. ಇದನ್ನು ಗಮನಿಸಿ: ಹೊಡೆತ ತಿಂದ ಮ್ಯಾಂಚೆಸ್ಟರನ್ನು, ಕುದಿಯುತ್ತಿರುವ ವಲ್ಚರ್ ಇಟ್ಟುಕೊಂಡು, ಸಾವಿರ ಅಡಿ ಮೇಲೆ ಒಯ್ದರು. ಆ ಏರಿಕೆಯೇ ಎಂಜಿನ್ನಿನ ಕೊನೆಯ ಉಸಿರನ್ನು ತಿಂದಿರಬಹುದು ಎಂದು ನನ್ನ ಊಹೆ. ಆದರೆ ಏರದಿದ್ದರೆ ಆಮೇಲೆ ಯಾರಿಗೂ ಪ್ಯಾರಾಶೂಟ್ ಬಿಚ್ಚುವಷ್ಟು ಎತ್ತರ ಸಿಗುತ್ತಿರಲಿಲ್ಲ. ಎತ್ತರ ಎಂದರೆ ಕೈಯಲ್ಲಿರುವ ಸಮಯ, ಅಷ್ಟೇ.

ಎಡಗಡೆಯದು ಹೊತ್ತಿಕೊಂಡಿತು. ಬೆಂಕಿ ಆರಿಸಲು ಹತ್ತು ನಿಮಿಷ ಹಿಡಿಯಿತು. ರೆಕ್ಕೆಯ ಒಂದು ಭಾಗ ಸುಟ್ಟಿತ್ತು, ಎಂಜಿನ್ ಸತ್ತಿತ್ತು. ಆದರೂ ಬೆಂಕಿ ಆರಿದೆ! ಆ ಕ್ಷಣದಲ್ಲಿ ಕಾಕ್‌ಪಿಟ್‌ನಲ್ಲಿ ಕುಳಿತವನಿಗೆ ‘ಗೆದ್ದೆ’ ಎನಿಸಿದ್ದರೆ ಅದರಲ್ಲಿ ಹಠವೇನು ಬಂತು? ಅವರು ಹತ್ತಿರದ ನೆಲೆಗೆ ದಿಕ್ಕು ಬದಲಿಸಿದರು. ಸೋತದ್ದು ಲೆಕ್ಕಾಚಾರವಲ್ಲ, ಯಂತ್ರ. ಒಂದು ಎಂಜಿನ್ನಿನಲ್ಲಿ ಎತ್ತರ ಉಳಿಸಿಕೊಳ್ಳುವ ತ್ರಾಣ ಮ್ಯಾಂಚೆಸ್ಟರ್‌ಗೆ ಇರಲಿಲ್ಲ, ಸುಟ್ಟ ರೆಕ್ಕೆಯೊಂದಿಗಂತೂ ಕೇಳಲೇಬೇಡಿ.

ಪಟ್ಟಿಗಾರ:

ಧನ್ಯವಾದ ಸರ್. ಎಂಜಿನ್ ವಿಷಯ ಗೊತ್ತೇ ಇರಲಿಲ್ಲ. ಆದರೆ ನನ್ನ ಪ್ರಶ್ನೆಯ ಇನ್ನರ್ಧ ಉಳಿಯಿತು. ಕೊನೆಯಲ್ಲಿ ಎಲ್ಲರೂ ಜಿಗಿದ ಮೇಲೆ ಪೈಲಟ್ ಕೂಡ ಎದ್ದು ಜಿಗಿಯಲು ಏನು ಅಡ್ಡಿ? ಸಾರ್ಜೆಂಟ್ ಒಬ್ಬರು ಪ್ಯಾರಾಶೂಟ್ ತಂದುಕೊಟ್ಟರೂ ಬೇಡವೆಂದು ಕೈಯಾಡಿಸಿದರು ಎಂದಿದೆ. ಆಟೊಪೈಲಟ್ ಇರಲಿಲ್ಲವೇ? ಚುಕ್ಕಾಣಿಯನ್ನು ಏನಾದರೂ ಕಟ್ಟಿ ನಿಲ್ಲಿಸಲಾಗದೇ?

ಹ್ಯಾಂಗರ್ ಹಿರಿಯ:

ಕಟ್ಟಿ ನಿಲ್ಲಿಸಬೇಕಾದದ್ದು ಕೈಯನ್ನಲ್ಲ, ಕಾಲನ್ನು.

ಎರಡು ಎಂಜಿನ್ನಿನ ವಿಮಾನದಲ್ಲಿ ಎಡಗಡೆಯದು ನಿಂತಿದೆ ಎನ್ನಿ. ಬಲಗಡೆಯದು ಪೂರ್ತಿ ಜೋರಿನಲ್ಲಿ ಎಳೆಯುತ್ತಿದೆ. ವಿಮಾನದ ಮೂತಿ ಎಡಕ್ಕೆ ತಿರುಗಲು ನೋಡುತ್ತದೆ, ಎಡ ರೆಕ್ಕೆ ಕೆಳಗಿಳಿಯಲು ನೋಡುತ್ತದೆ. ಇದನ್ನು ತಡೆಯುವುದು ರಡ್ಡರ್, ಅಂದರೆ ಬಾಲದಲ್ಲಿ ಎಡಬಲಕ್ಕೆ ತಿರುಗುವ ಹಲಗೆ. ರಡ್ಡರನ್ನು ಹಿಡಿದಿರುವುದು ಪೈಲಟ್ಟಿನ ಬಲಗಾಲು. ಪೆಡಲನ್ನು ಒತ್ತಿಯೇ ಇರಬೇಕು. ಟ್ರಿಮ್ (ಪೆಡಲಿನ ಒತ್ತಡ ಹಗುರ ಮಾಡುವ ಹೊಂದಾಣಿಕೆ) ತಿರುಗಿಸಿ ಭಾರ ಸ್ವಲ್ಪ ಇಳಿಸಿಕೊಳ್ಳಬಹುದು, ಪೂರ್ತಿಯಾಗಿ ಅಲ್ಲ.

ರಡ್ಡರ್ ಕೆಲಸ ಮಾಡುವುದು ಅದರ ಮೇಲೆ ಗಾಳಿ ಹರಿದಾಗ. ವೇಗ ಕಡಿಮೆಯಾದಂತೆ ಅದರ ಹಿಡಿತ ಸಡಿಲವಾಗುತ್ತದೆ. ಒಂದು ವೇಗಕ್ಕಿಂತ ಕೆಳಗಿಳಿದರೆ, ಪೆಡಲನ್ನು ನೆಲಕ್ಕೆ ತುಳಿದರೂ ವಿಮಾನ ಸತ್ತ ಎಂಜಿನ್ನಿನ ಕಡೆಗೆ ಮಗುಚಿಕೊಳ್ಳುತ್ತದೆ. ತಪ್ಪಿಸಬೇಕೆಂದರೆ ಬದುಕಿರುವ ಎಂಜಿನ್ನಿನ ಶಕ್ತಿಯನ್ನೇ ಇಳಿಸಬೇಕು. ಇಳಿಸಿದರೆ ವಿಮಾನ ನೆಲಕ್ಕಿಳಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಕ್ಯಾನ್‌ಬೆರಾದ ಇತಿಹಾಸವನ್ನೇ ನೋಡಿ: ಬ್ರಿಟಿಷ್ ವಾಯುಪಡೆಯಲ್ಲಿ ಒಂದು ಎಂಜಿನ್ನಿನ ಮೇಲೆ ಹಾರುವುದನ್ನು ಕಲಿಸುವಾಗಲೇ, ಯುದ್ಧವಿಲ್ಲದ ಕಾಲದಲ್ಲಿ, ಹಗಲು ಬೆಳಕಿನಲ್ಲಿ, ಎಷ್ಟೋ ಪೈಲಟ್‌ಗಳು ಸತ್ತರು. ಅದು ಜೆಟ್, ಎಂಜಿನ್ ನಂಬಿಕಸ್ಥ. ಇಲ್ಲಿ ಕತ್ತಲೆ, ಹೊಗೆ, ಸುಟ್ಟ ರೆಕ್ಕೆ.

ಮ್ಯಾನ್ಸರ್ ಅವರ ವಿಮಾನದ ವೇಗ ಅಪಾಯದ ಮಟ್ಟಕ್ಕೆ ಇಳಿದಿತ್ತು ಎಂದು ಒಕ್ಕಣೆಯಲ್ಲೇ ಇದೆ. ಅಂದರೆ ಅವರು ಆ ಗೆರೆಯ ಮೇಲೆಯೇ ಕುಳಿತಿದ್ದರು. ಆಸನದಿಂದ ಎದ್ದರೆ ಕಾಲು ಪೆಡಲಿನಿಂದ ಹೋಗುತ್ತದೆ. ಕಾಲು ಹೋದರೆ ಮೂತಿ ತಿರುಗಿ ವಿಮಾನ ಮಗುಚುತ್ತದೆ. ಮಗುಚಿದ ವಿಮಾನದೊಳಗೆ ಮನುಷ್ಯ ಗೋಡೆಗೋ ಚಾವಣಿಗೋ ಅಂಟಿಕೊಳ್ಳುತ್ತಾನೆ, ಬಾಗಿಲ ತನಕ ತೆವಳಲೂ ಆಗುವುದಿಲ್ಲ. ಆ ಕಾಲದ ಆಟೊಪೈಲಟ್ ಎಂದರೆ ಎಲ್ಲವೂ ಸರಿಯಿದ್ದಾಗ ನೇರ ದಾರಿಯಲ್ಲಿ ಕೈಗೆ ಸ್ವಲ್ಪ ಬಿಡುವು ಕೊಡುವ ಸಾಧನ. ಇಂಥ ಎಳೆದಾಟಕ್ಕೆ ಅದು ಯಾವ ಮೂಲೆಗೆ?

ಪ್ಯಾರಾಶೂಟ್ ತಂದುಕೊಟ್ಟವರು ಎರಡನೇ ಪೈಲಟ್ ಸಾರ್ಜೆಂಟ್ ಲೆಸ್ಲಿ ಬೇವಿಸ್ಟಾಕ್. ಕೂಡಲೇ ಜಿಗಿ, ವಿಮಾನವನ್ನು ಇನ್ನು ಕೆಲವೇ ಸೆಕೆಂಡು ಸ್ಥಿರವಾಗಿ ಹಿಡಿಯಬಲ್ಲೆ ಎಂಬ ಅರ್ಥದ ಮಾತನ್ನು ಮ್ಯಾನ್ಸರ್ ಹೇಳಿದರೆಂದು ದಾಖಲೆಯಿದೆ. ಜನ ಇದನ್ನು ವೀರವಾಕ್ಯ ಎಂದು ಓದುತ್ತಾರೆ. ನನಗೆ ಅದು ಪಕ್ಕಾ ತಾಂತ್ರಿಕ ವರದಿಯಂತೆ ಕೇಳಿಸುತ್ತದೆ. ಕಾಲಿನ ಕೆಳಗಿನ ಪೆಡಲು ಏನು ಹೇಳುತ್ತಿತ್ತೋ ಅದನ್ನೇ ಅವರು ಹೇಳಿದರು. ಪ್ಯಾರಾಶೂಟ್ ಕಟ್ಟಿಕೊಳ್ಳಲು ಎರಡು ಕೈ ಬೇಕು. ಎರಡೂ ಕೈ ಬಿಟ್ಟಿದ್ದರೆ ಬೇವಿಸ್ಟಾಕ್ ಕೂಡ ಹೊರಗೆ ಹೋಗುತ್ತಿರಲಿಲ್ಲ. ಅವರು ಜಿಗಿದಾಗ ಎತ್ತರ ಎಷ್ಟು ಕಡಿಮೆಯಾಗಿತ್ತೆಂದರೆ ಪ್ಯಾರಾಶೂಟ್ ಸರಿಯಾಗಿ ಅರಳುವ ಮೊದಲೇ ನೀರು ನಿಂತ ಕಾಲುವೆಗೆ ಬಿದ್ದರು. ನೀರು ಉಳಿಸಿತು.

ಇನ್ನು ಚರ್ಚಾಪ್ರಿಯರೇ, ‘ಇಪ್ಪತ್ತರ ಹುಡುಗ’ ಎಂದಿರಿ. ಆ ದಳದಲ್ಲಿ ಬಹುತೇಕ ಎಲ್ಲರೂ ಅದೇ ಪ್ರಾಯದ ಆಸುಪಾಸಿನವರು. ಮೂವತ್ತು ದಾಳಿ ಮುಗಿಸಿದರೆ ಒಂದು ಸುತ್ತು ಮುಗಿಯಿತು, ಸ್ವಲ್ಪ ಕಾಲ ಬಿಡುವು. ಮುಗಿಸಿದವರು ಕಡಿಮೆ. ಯುದ್ಧದುದ್ದಕ್ಕೂ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಅಲ್ಲಿ ನಲವತ್ತರ ಅನುಭವಿಗಳನ್ನು ಎಲ್ಲಿಂದ ತರುವುದು?

ರೈನ್ ದಂಡೆ:

ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಕಲೋನ್‌ನಲ್ಲಿ ಇದ್ದೇನೆ. ಪೆಡಲು, ರಡ್ಡರ್ ಎಲ್ಲ ಓದಿದೆ, ಚೆನ್ನಾಗಿ ಬರೆದಿದ್ದೀರಿ. ಆದರೆ ಈ ಚರ್ಚೆ ವಿಮಾನದೊಳಗೇ ಉಳಿದುಬಿಟ್ಟಿತು. ಕೆಳಗೆ ಒಂದು ಊರಿತ್ತು.

ಆ ಒಂದು ರಾತ್ರಿ, ಸುಮಾರು ತೊಂಬತ್ತು ನಿಮಿಷಗಳಲ್ಲಿ, ಇಲ್ಲಿ 469 ಜನ ಸತ್ತರು. ಅವರಲ್ಲಿ 411 ಮಂದಿ ನಾಗರಿಕರು. 45,000ಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ದಾಳಿಯ ಗುರಿ ಯಾವುದೋ ಒಂದು ಕಾರ್ಖಾನೆಯಲ್ಲ, ನಗರದ ಮಧ್ಯಭಾಗ. ಹಳೆಯ ಪಟ್ಟಣ ಎಂದು ಪ್ರವಾಸಿಗರು ಫೋಟೊ ತೆಗೆಯುವ ಬೀದಿಗಳಲ್ಲಿ ಬಹಳಷ್ಟು ಯುದ್ಧದ ನಂತರ ಕಟ್ಟಿದವು. ಜೋಡಿ ಗೋಪುರದ ಕೆಥೆಡ್ರಲ್ ಪೆಟ್ಟು ತಿಂದೂ ನಿಂತಿತು, ಸುತ್ತಲಿನದು ನಿಲ್ಲಲಿಲ್ಲ. ಯುದ್ಧ ಮುಗಿಯುವವರೆಗೂ ಮತ್ತೆ ಮತ್ತೆ ದಾಳಿಗಳಾದವು.

ನಾಜಿಗಳು ಮೊದಲು ರಾಟರ್‌ಡ್ಯಾಮ್, ಲಂಡನ್, ಕವೆಂಟ್ರಿಗಳ ಮೇಲೆ ಬಾಂಬು ಹಾಕಿದ್ದರು ಎಂಬುದು ನನಗೂ ಗೊತ್ತು, ಇಲ್ಲಿನ ಶಾಲಾಮಕ್ಕಳಿಗೂ ಗೊತ್ತು. ಅದನ್ನು ನೆನಪಿಸಬೇಡಿ. ನನ್ನ ಪ್ರಶ್ನೆ ಬೇರೆ. ಒಬ್ಬ ಪೈಲಟ್ ತನ್ನ ಆರು ಜನರನ್ನು ಉಳಿಸಿದ ಕಥೆಯನ್ನು ಹೇಳುವಾಗ, ಅದಕ್ಕೆ ಸ್ವಲ್ಪ ಮೊದಲು ಅದೇ ಕೈ ಮಾಡಿದ ಕೆಲಸವನ್ನು ಒಂದು ವಾಕ್ಯದಲ್ಲಿ ದಾಟಿಬಿಡಬಹುದೇ? ‘ಗುರಿಯ ಮೇಲೆ ಬಾಂಬು ಹಾಕಿದರು’ ಎಂದು ನೀವೂ ಬರೆದು ಮುಂದೆ ಹೋಗಿದ್ದೀರಿ.

ಹ್ಯಾಂಗರ್ ಹಿರಿಯ:

ದಾಟಿಬಿಡಬಾರದು. ನಿಮ್ಮ ಅಂಕಿಗಳು ಇಲ್ಲಿರುವುದು ಒಳ್ಳೆಯದೇ ಆಯಿತು, ನನ್ನ ಉತ್ತರದ ಜೊತೆಗೇ ಓದಲಿ.

ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಲು ನನ್ನಿಂದಾಗದು. ನಗರವನ್ನು ಸುಡಬೇಕೆಂದು ತೀರ್ಮಾನಿಸಿದ ನೀತಿ ಒಂದು. ಅದರ ಹೆಸರು, ಸಹಿ, ದಿನಾಂಕ ಎಲ್ಲ ಮೇಲಿನವರ ಕಡತಗಳಲ್ಲಿವೆ. ಆ ನೀತಿಯ ಬಗ್ಗೆ ಬ್ರಿಟನ್ನಿನಲ್ಲೇ ಎಂಬತ್ತು ವರ್ಷ ಜಗಳ ನಡೆದಿದೆ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡಿನ ಸ್ಮಾರಕ ಎದ್ದದ್ದೇ 2012ರಲ್ಲಿ, ಅದೂ ಅಸಮಾಧಾನಗಳ ನಡುವೆ. ಬಾಂಬು ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ನೆನೆಯುವ ಸಾಲೊಂದನ್ನು ಅದರ ಮೇಲೆ ಕೆತ್ತಿದ್ದಾರೆ. ಒಂದು ಸಾಲು ಸಾಕೇ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ.

ಮ್ಯಾನ್ಸರ್ ಅವರಿಗೆ ಪದಕ ಬಂದದ್ದು ಕಲೋನ್ ಸುಟ್ಟದ್ದಕ್ಕಲ್ಲ. ಸುಟ್ಟವರು ಸಾವಿರ ವಿಮಾನಗಳಲ್ಲಿದ್ದರು, ಅವರಿಗೆಲ್ಲ ವಿಕ್ಟೋರಿಯಾ ಕ್ರಾಸ್ ಕೊಡಲಿಲ್ಲ. ನಾನು ಬರೆಯುತ್ತಿರುವುದು ಬೆಲ್ಜಿಯಂನ ಮೇಲೆ ಕಳೆದ ಕೊನೆಯ ನಿಮಿಷಗಳ ಬಗ್ಗೆ. ಆ ನಿಮಿಷಗಳು ಹಿಂದಿನದನ್ನು ತೊಳೆಯುತ್ತವೆ ಎಂದು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ.

ರೈನ್ ದಂಡೆ:

ಒಪ್ಪುವಷ್ಟು ಒಪ್ಪಿದ್ದೇನೆ. ‘ಮೇಲಿನವರ ಕಡತ’ ಎಂಬ ಮಾತು ಎಲ್ಲ ಕಾಲದಲ್ಲೂ ಕೆಳಗಿನವರಿಗೆ ಬಹಳ ಅನುಕೂಲವಾಗಿ ಬಂದಿದೆ ಎಂಬುದನ್ನೂ ಸೇರಿಸಿಕೊಳ್ಳಿ.

ಗುಡ್ಡದ ದಾರಿ:

ಭಾರತದ ನಂಟಿನ ಬಗ್ಗೆ ಚರ್ಚಾಪ್ರಿಯರು ಕೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಕೊಹಿಮಾದ ಯುದ್ಧ ಸ್ಮಶಾನಕ್ಕೆ ಹೋದವರಿಗೆ ಕ್ಯಾಪ್ಟನ್ ಜಾನ್ ನೀಲ್ ರ್‍ಯಾಂಡಲ್ ಎಂಬ ಹೆಸರು ಕಂಡಿರಬಹುದು. ಅವರು ಮ್ಯಾನ್ಸರ್ ಅವರ ಭಾವ, ಸಹೋದರಿಯ ಗಂಡ.

1944ರ ಮೇ ಮೊದಲ ವಾರ, ಜಪಾನೀಯರನ್ನು ಕೊಹಿಮಾ ದಿಬ್ಬಗಳಿಂದ ಹಿಂದಕ್ಕೆ ತಳ್ಳುವ ಕಾಳಗ. ರ್‍ಯಾಂಡಲ್ ರಾಯಲ್ ನಾರ್ಫೋಕ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನವರು. ಕಂಪನಿಯ ಕಮಾಂಡರ್ ಗಾಯಗೊಂಡಾಗ ತಾವೇ ಮುಂದಾಳಾದರು, ಅವರಿಗೂ ಮೊಣಕಾಲಿಗೆ ಗಾಯವಾಗಿತ್ತು. ಮೇ 6ರಂದು ಒಂದು ಬಂಕರಿನ ಮೆಷಿನ್‌ಗನ್ ಇಡೀ ಕಂಪನಿಯನ್ನು ತಡೆದಾಗ ಒಬ್ಬರೇ ಅದರತ್ತ ನುಗ್ಗಿ, ಕಿಂಡಿಯೊಳಗೆ ಗ್ರೆನೇಡ್ ಎಸೆದು, ತಮ್ಮ ಮೈಯನ್ನೇ ಕಿಂಡಿಗೆ ಅಡ್ಡ ಹಾಕಿದರು. ಅವರಿಗೂ ಮರಣೋತ್ತರ ವಿಕ್ಟೋರಿಯಾ ಕ್ರಾಸ್. ಒಂದೇ ಮನೆಯ ಮಗನಿಗೊಂದು, ಅಳಿಯನಿಗೊಂದು. ದೆಹಲಿಯಲ್ಲಿ ಹುಟ್ಟಿದವರ ಸಮಾಧಿ ಬೆಲ್ಜಿಯಂನಲ್ಲಿ, ಅವರ ಭಾವನದು ನಾಗಾಲ್ಯಾಂಡಿನಲ್ಲಿ.

ನನಗೆ ಆ ಹೆಣ್ಣುಮಗಳು ನೆನಪಾಗುತ್ತಾರೆ. ಎರಡು ವರ್ಷದ ಒಳಗೆ ಮೊದಲು ಸಹೋದರ, ಆಮೇಲೆ ಗಂಡ. ಪದಕಗಳ ಪುಸ್ತಕಗಳಲ್ಲಿ ಅವರಿಗೆ ಒಂದು ಅಡಿಟಿಪ್ಪಣಿ.

ಚರ್ಚಾಪ್ರಿಯರೇ, ಕೊಹಿಮಾ ಸ್ಮಶಾನದಲ್ಲಿ ಬ್ರಿಟಿಷರ ಪಕ್ಕದಲ್ಲೇ ಭಾರತೀಯ ಸೈನಿಕರೂ ಇದ್ದಾರೆ. ಹಿಂದೂ, ಸಿಖ್ ಸೈನಿಕರ ಶವ ದಹನವಾದ ಕಾರಣ ಅವರ ಹೆಸರುಗಳಿಗೆ ಪ್ರತ್ಯೇಕ ಸ್ಮಾರಕವಿದೆ. ಅಲ್ಲಿ ನಿಂತು ‘ಇವರು ನಮ್ಮವರು, ಅವರು ಅವರವರು’ ಎಂದು ಗೆರೆ ಎಳೆಯಲು ಹೊರಟರೆ ಮಧ್ಯಾಹ್ನದೊಳಗೆ ಸುಸ್ತಾಗುತ್ತದೆ.

ಚರ್ಚಾಪ್ರಿಯ:

ಗೆರೆ ಎಳೆಯುವ ಆಸೆ ನನಗೂ ಇಲ್ಲ. ಸಾಮ್ರಾಜ್ಯದ ಯುದ್ಧಗಳಿಗೆ ಸತ್ತವರನ್ನು ನೆನೆಯುವಷ್ಟು ಉತ್ಸಾಹ ಅದೇ ವರ್ಷ ಇಲ್ಲಿ ಪೊಲೀಸರ ಗುಂಡಿಗೆ ಸತ್ತವರ ವಿಷಯದಲ್ಲೂ ಇರಲಿ ಎಂದೆ, ಅಷ್ಟೆ. ಪೆಡಲಿನ ವಿಷಯ ಓದಿದ ಮೇಲೆ ‘ಹಠ’ ಎಂಬ ಪದವನ್ನು ಕೊನೆಯ ನಿಮಿಷಕ್ಕೆ ಅನ್ವಯಿಸುವುದಿಲ್ಲ. ಆದರೆ 2,000 ಅಡಿಯಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಇನ್ನೂ ಅನ್ವಯಿಸುತ್ತೇನೆ. ಹಿರಿಯರು ಅದಕ್ಕೆ ಉತ್ತರ ಕೊಟ್ಟೇ ಇಲ್ಲ. ಯಂತ್ರ ಸೋತಿತು ಎಂದಿರಿ. ಆ ಯಂತ್ರ ಸೋಲುತ್ತದೆ ಎಂದು ಅದನ್ನು ಹಾರಿಸುವವನಿಗೆ ಗೊತ್ತಿರಲಿಲ್ಲವೇ?

ಪಟ್ಟಿಗಾರ:

ಹೌದು ಸರ್, ನನ್ನದೂ ಅದೇ. ಜೊತೆಗೆ, ಜಿಗಿದ ಆರು ಜನರ ಗತಿ ಏನಾಯಿತು? ಈ ಕಥೆ ಹೊರಗೆ ಬಂದದ್ದಾದರೂ ಹೇಗೆ?

ಹ್ಯಾಂಗರ್ ಹಿರಿಯ:

ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರ. ನಕ್ಷೆ ತೆರೆದು ನೋಡಿ.

ಕಲೋನ್ ಹೊರವಲಯದಲ್ಲಿ ಜಿಗಿದಿದ್ದರೆ ಏಳು ಜನರೂ ಇಳಿಯುತ್ತಿದ್ದುದು ಜರ್ಮನಿಯ ನೆಲದಲ್ಲಿ, ತಾವೇ ಆಗಷ್ಟೇ ಬಾಂಬು ಹಾಕಿದ ಊರಿನ ಪಕ್ಕದಲ್ಲಿ. ಸೆರೆ ಖಚಿತ, ಅದೂ ಒಳ್ಳೆಯ ಅದೃಷ್ಟವಿದ್ದರೆ. ಒಬ್ಬರಿಗೆ ಗಾಯ ಬೇರೆ. ಮ್ಯಾನ್ಸರ್ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 90 ಕಿಲೊಮೀಟರ್ ಎಳೆದುಕೊಂಡು ಹೋದರು. ವಿಮಾನ ಬಿದ್ದದ್ದು ಬೆಲ್ಜಿಯಂನ ಬ್ರೀ ಪಟ್ಟಣದ ಹತ್ತಿರ. ಅದೂ ಜರ್ಮನರ ವಶದಲ್ಲಿದ್ದ ದೇಶವೇ, ಆದರೆ ಹೊಲದ ಮನೆಯ ಬಾಗಿಲು ತಟ್ಟಿದರೆ ಒಳಗಿನವರು ಅಡಗಿಸಿಡುವ ಸಾಧ್ಯತೆ ಇತ್ತು. ಆರು ಜನರಲ್ಲಿ ನ್ಯಾವಿಗೇಟರ್ ಬಾರ್ನ್ಸ್ ಒಬ್ಬರು ಸೆರೆ ಸಿಕ್ಕರು. ಉಳಿದ ಐವರೂ, ಗಾಯಗೊಂಡಿದ್ದ ಗನ್ನರ್ ನೇಲರ್ ಸಹಿತ, ತಪ್ಪಿಸಿಕೊಂಡು ಇಂಗ್ಲೆಂಡಿಗೆ ಮರಳಿದರು. ಆ 90 ಕಿಲೊಮೀಟರ್ ಇಲ್ಲದಿದ್ದರೆ ಐವರ ಮುಂದಿನ ಮೂರು ವರ್ಷ ಮುಳ್ಳುತಂತಿಯ ಒಳಗೆ.

ಹೀಗಾಗುತ್ತದೆಂದು ಲೆಕ್ಕ ಹಾಕಿ ಅವರು ಹಾಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಇಂಗ್ಲೆಂಡ್ ತಲುಪಬೇಕಿತ್ತು, ತಲುಪಲಾಗಲಿಲ್ಲ. ಆದರೆ ‘ಸಾಧ್ಯವಾದಷ್ಟು ಪಶ್ಚಿಮಕ್ಕೆ’ ಎಂಬುದು ಪೊಳ್ಳು ಹಠವಲ್ಲ. ಪ್ರತಿ ನಿಮಿಷಕ್ಕೂ ಅಲ್ಲಿ ಬೆಲೆಯಿತ್ತು. ಮ್ಯಾಂಚೆಸ್ಟರ್ ಒಂದು ಎಂಜಿನ್ನಿನಲ್ಲಿ ನಿಲ್ಲದು ಎಂಬುದು ಅವರಿಗೆ ಗೊತ್ತಿರಲೇಬೇಕು, ಆ ಸ್ಕ್ವಾಡ್ರನ್ನಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಹಾಗಾಗಿ ಧೈರ್ಯ ಎಲ್ಲಿತ್ತು ಎಂದು ಕೇಳಿದರೆ ನಾನು ಕೊನೆಯ ಕೈಯಾಡಿಸುವಿಕೆಯನ್ನು ತೋರಿಸುವುದಿಲ್ಲ, ಅಷ್ಟು ಹೊತ್ತಿಗೆ ಆಯ್ಕೆಯೇ ಉಳಿದಿರಲಿಲ್ಲ. ಯಂತ್ರದ ಗುಣ ಗೊತ್ತಿದ್ದೂ, ಬೀಳುವ ಸರದಿ ಬಂದರೆ ಕೊನೆಯವನು ತಾನೇ ಎಂದು ಗೊತ್ತಿದ್ದೂ ಪಶ್ಚಿಮಕ್ಕೆ ತಿರುಗಿಸಿದ ಆ ನಿರ್ಧಾರವನ್ನು ತೋರಿಸುತ್ತೇನೆ. ಚರ್ಚಾಪ್ರಿಯರು ಹಠ ಎಂದು ಬೆರಳಿಟ್ಟದ್ದು ಅದೇ ಜಾಗಕ್ಕೆ. ಜಾಗ ಸರಿ, ಹೆಸರು ಒಪ್ಪುವುದಿಲ್ಲ.

ಐವರು ಮರಳಿದ್ದು ಕಾಮೆಟ್ ಲೈನ್ ಎಂಬ ಗುಪ್ತ ದಾರಿಯಿಂದ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದವರು ಆಂದ್ರೆ ದ ಯೊಂಗ್ ಎಂಬ ಬೆಲ್ಜಿಯಂನ ಯುವತಿ, ಆಗ ಇಪ್ಪತ್ತೈದರ ಆಸುಪಾಸು. ಬ್ರಸೆಲ್ಸ್‌ನಿಂದ ಪ್ಯಾರಿಸ್, ಅಲ್ಲಿಂದ ರೈಲಿನಲ್ಲಿ ಫ್ರಾನ್ಸಿನ ದಕ್ಷಿಣದ ತುದಿ, ರಾತ್ರಿ ನಡಿಗೆಯಲ್ಲಿ ಪಿರನೀಸ್ ಬೆಟ್ಟ ದಾಟಿ ಸ್ಪೇನ್, ಕೊನೆಗೆ ಜಿಬ್ರಾಲ್ಟರ್. ಬೆಟ್ಟದ ದಾರಿ ತೋರಿಸುತ್ತಿದ್ದವರು ಬಾಸ್ಕ್ ಕಳ್ಳಸಾಗಣೆಗಾರರು. 1943ರ ಜನವರಿಯಲ್ಲಿ ಆಕೆಯನ್ನು ಜರ್ಮನರು ಹಿಡಿದರು. ರಾವೆನ್ಸ್‌ಬ್ರೂಕ್ ಎಂಬ ನಾಜಿ ಸೆರೆಶಿಬಿರದಿಂದ ಬದುಕಿ ಬಂದರು. ಆಕೆಯ ತಂದೆಯನ್ನು ಗುಂಡಿಟ್ಟು ಕೊಂದರು. ಯುದ್ಧ ಮುಗಿದ ಮೇಲೆ ಆಕೆ ಆಫ್ರಿಕಾದಲ್ಲಿ ಕುಷ್ಠರೋಗಿಗಳ ಆರೈಕೆಗೆ ಹೋದರು. ಈ ಚರ್ಚೆಯಲ್ಲಿ ನಿಜವಾಗಿ ದೊಡ್ಡ ಧೈರ್ಯ ಯಾರದೆಂದು ಮತ ಹಾಕಲು ಹೇಳಿದರೆ ನನ್ನ ಮತ ಆಕೆಗೆ. ಪೈಲಟ್ಟಿನ ಧೈರ್ಯ ಒಂದು ರಾತ್ರಿಯದು, ಆಕೆಯದು ಪ್ರತಿ ರೈಲಿನಲ್ಲಿ, ಪ್ರತಿ ತಪಾಸಣೆಯಲ್ಲಿ.

ಐವರು ಬಂದು ಹೇಳಿಕೆ ಕೊಟ್ಟ ಮೇಲೆಯೇ ವಿಷಯ ಹೊರಬಿದ್ದದ್ದು. ಬರದಿದ್ದರೆ ಕಲೋನ್ ರಾತ್ರಿ ಮರಳದ 41 ವಿಮಾನಗಳಲ್ಲಿ ಇದೂ ಒಂದು ಎಂದು ಗೀಟು ಹಾಕಿ ಮುಗಿಸುತ್ತಿದ್ದರು. 1942ರ ಅಕ್ಟೋಬರಿನಲ್ಲಿ ಪದಕ ಘೋಷಣೆಯಾಯಿತು. ಪಟ್ಟಿಗಾರರಿಗೆ ಉಪಯೋಗವಾಗುವ ಒಂದು ನಿಯಮ: ಆ ಕಾಲದಲ್ಲಿ ಶತ್ರುವಿನೆದುರಿನ ಶೌರ್ಯಕ್ಕೆ ಬ್ರಿಟಿಷರು ಸತ್ತವರಿಗೆ ಕೊಡುತ್ತಿದ್ದುದು ವಿಕ್ಟೋರಿಯಾ ಕ್ರಾಸ್, ಅದು ಇಲ್ಲವೆಂದರೆ ಸೇನಾಧಿಕಾರಿಗಳು ಕಳುಹಿಸುವ ಅಧಿಕೃತ ಯುದ್ಧ ವರದಿಯಲ್ಲಿ ಹೆಸರಿನ ಉಲ್ಲೇಖ ಮಾತ್ರ. ನಡುವಿನ ಡಿಎಫ್‌ಸಿಯಂಥ (ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್) ಪದಕಗಳನ್ನು ಮರಣೋತ್ತರವಾಗಿ ಕೊಡುತ್ತಿರಲಿಲ್ಲ. ಸಾಕ್ಷಿಗಳಿಲ್ಲದೆ ಸತ್ತ ಎಷ್ಟು ಪೈಲಟ್‌ಗಳು ಇದೇ ರೀತಿ ಪೆಡಲು ಒತ್ತಿ ಕುಳಿತಿದ್ದರೋ, ಪಟ್ಟಿಗೆ ಬಂದವರನ್ನು ನೋಡಿ ಹೇಳಲಾಗದು.

ಬೇವಿಸ್ಟಾಕ್ ಮತ್ತೆ ಹಾರಿದರು. ಸಂಡರ್‌ಲ್ಯಾಂಡ್ ಎಂಬ ಹಾರುದೋಣಿಯ ಕ್ಯಾಪ್ಟನ್ ಆಗಿ 1944ರಲ್ಲಿ ಎರಡು ಜರ್ಮನ್ ಜಲಾಂತರ್ಗಾಮಿಗಳನ್ನು ಮುಳುಗಿಸಿದರು.

ಪಟ್ಟಿಗಾರ:

ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ. ಸಮಾಧಿ ಬ್ರೀಯಲ್ಲೇ ಇದೆಯೇ?

ಹ್ಯಾಂಗರ್ ಹಿರಿಯ:

ಅಲ್ಲ. ಸಮಾಧಿ ಲೂವೆನ್ ಪಟ್ಟಣಕ್ಕೆ ಅಂಟಿಕೊಂಡಿರುವ ಹೆವರ್‌ಲೀ ಯುದ್ಧ ಸ್ಮಶಾನದಲ್ಲಿದೆ. ಬ್ರಸೆಲ್ಸ್‌ಗೆ ಹೋದವರು ಸುಲಭವಾಗಿ ರೈಲಿನಲ್ಲಿ ಹೋಗಿಬರಬಹುದು. ವಿಮಾನ ಬಿದ್ದ ಜಾಗದ ಹತ್ತಿರ ಮೋಲೆನ್‌ಬೀರ್ಸೆಲ್ ಎಂಬ ಹಳ್ಳಿಯಲ್ಲಿ 2004ರಲ್ಲಿ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಅದು ನೆದರ್‌ಲ್ಯಾಂಡ್ಸ್ ಗಡಿಯ ಕಡೆ, ಸ್ವಂತ ವಾಹನ ಇದ್ದರೆ ಒಳ್ಳೆಯದು. ಸ್ಕೆಲ್ಲಿಂಗ್‌ಥಾರ್ಪ್ ನೆಲೆಯಿದ್ದ ಜಾಗ ಈಗ ಬಡಾವಣೆಯಾಗಿದೆ. ಅಲ್ಲಿನ ಪ್ರಾಥಮಿಕ ಶಾಲೆಗೆ ಮ್ಯಾನ್ಸರ್ ಹೆಸರಿದೆ.